ಗಾಜಿನ ಮೇಲಿನ ಮೂಗಿನ ಗುರುತು

ಬೆಳಿಗ್ಗೆ ಶಾಲೆಗೆ ಬಂದೊಡನೆ ಮುಖ್ಯೋಪಾಧ್ಯಾಯಿನಿ ಮಾಡುತ್ತಿದ್ದ ಮೊದಲ ಕೆಲಸ, ತಮ್ಮ ಕೋಣೆಯ ಹೊರಗಿನ ಗಾಜಿನ ಬೀರುವನ್ನು ಒರೆಸುವುದು. ಗಾಜಿನ ಮೇಲ್ಭಾಗ ಸ್ವಚ್ಛವಾಗಿಯೇ ಇರುತ್ತಿತ್ತು. ಕೊಳೆಯಾಗುತ್ತಿದ್ದದ್ದು ಅವರ ಎದೆಮಟ್ಟಕ್ಕಿಂತ ಕೆಳಗಿನ ಭಾಗ ಮಾತ್ರ. ಅಲ್ಲಿ ದಿನವೂ ಜಿಡ್ಡಿನ ಗುರುತುಗಳು: ಎರಡು ಅಂಗೈ, ನಡುವೆ ಒಂದು ಪುಟ್ಟ ಮೂಗು, ಮೂಗಿನ ಕೆಳಗೆ ಉಸಿರಿನ ಮಸುಕು.

"ಈ ಮಕ್ಕಳಿಗೆ ಮೂಗು ಒತ್ತೋದಕ್ಕೆ ಬೇರೆ ಜಾಗವೇ ಇಲ್ಲ," ಎಂದು ಗೊಣಗುತ್ತ ಅವರು ಬಟ್ಟೆ ಮಡಚಿ ತಿಕ್ಕುತ್ತಿದ್ದರು.

ಬೀರುವಿನೊಳಗೆ ಮೂರು ಸೂಕ್ಷ್ಮದರ್ಶಕಗಳಿದ್ದವು. ಹೊಸ ಬಗೆಯ ಕಲಿಕೆಗೆಂದು ಊರಿನ ಶಿಕ್ಷಣ ನಿಧಿ ಕೊಡುವ ಅನುದಾನದಲ್ಲಿ ಬಂದವು. ಮಕ್ಕಳು ತಮ್ಮ ಮನೆಯ, ಬೀದಿಯ, ಕೊಳದ ನೀರನ್ನು ತಾವೇ ತಂದು, ತಾವೇ ನೋಡಿ, ಕಂಡದ್ದನ್ನು ಚಿತ್ರಿಸಬೇಕು ಎಂಬ ವಿಜ್ಞಾನ ಶಿಕ್ಷಕರ ಯೋಜನೆ ನಿಧಿಯವರಿಗೆ ಹಿಡಿಸಿತ್ತು. ಉಪಕರಣಗಳು ಬಂದ ದಿನ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಅವು ಬಂದಾಗಿನ ಪ್ಲಾಸ್ಟಿಕ್ ಹೊದಿಕೆಯಲ್ಲೇ ಬೀರು ಸೇರಿದವು. ಕೀಲಿಕೈ ಮುಖ್ಯೋಪಾಧ್ಯಾಯಿನಿಯ ಕೈಚೀಲ ಸೇರಿತು.

"ಮೇಡಂ, ಇವತ್ತು ಏಳನೇ ತರಗತಿಗೆ ಒಂದೇ ಒಂದು ಕೊಡಿ," ಎಂದು ವಿಜ್ಞಾನ ಶಿಕ್ಷಕರು ಬಾಗಿಲಲ್ಲಿ ನಿಂತರು. ಅವರು ಶಾಲೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ.

"ಬೋರ್ಡಿನ ಮೇಲೆ ಬರೆದು ತೋರ್ಸಿ ಸರ್. ಚಿತ್ರ ಚೆನ್ನಾಗಿ ಬರೀತೀರಲ್ಲ."

"ಚಿತ್ರ ಬರೆಯೋದಕ್ಕಾಗಿದ್ರೆ ಸೀಮೆಸುಣ್ಣಕ್ಕೇ ಅನುದಾನ ಕೇಳ್ತಿದ್ದೆ."

"ತಮಾಷೆ ಬೇಡ. ಕೆಟ್ಟೋದ್ರೆ ಯಾರು ಹೊಣೆ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಿಂದಿನ ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಪ್ರೊಜೆಕ್ಟರ್ ಕೆಟ್ಟಿತ್ತು. ಯಾಕೆ ಕೊಟ್ರಿ ಅಂತ ಕೇಳದೆ ಇದ್ದವರಿಲ್ಲ. ಆಮೇಲೆ ಆ ಶಾಲೆಗೆ ಒಂದು ಭೂಗೋಳ ಕೂಡ ಬರ್ಲಿಲ್ಲ. ಇರೋದನ್ನ ಉಳಿಸ್ಕೊಂಡ್ರೆ ತಾನೇ ಮುಂದೆ ಕೊಡೋದು?"

"ಉಳಿಸ್ಕೊಂಡು ಏನ್ಮಾಡೋಣ ಮೇಡಂ?"

ಮುಖ್ಯೋಪಾಧ್ಯಾಯಿನಿ ಗಡಿಯಾರ ನೋಡಿದರು. ಗಂಟೆ ಹೊಡೆಯುವ ಸಮಯವಾಗಿರಲಿಲ್ಲ.

ಮನೆಯಲ್ಲೂ ಅವರು ಹಾಗೆಯೇ. ಟಿವಿಯ ರಿಮೋಟಿಗೆ ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. "ಮದುವೆಯಾದ ಹೊಸತರಲ್ಲಿ ನನಗೂ ಒಂದು ಚೀಲ ತೊಡಿಸಿದ್ದಿದ್ರೆ ಇಷ್ಟು ತಲೆ ಬೋಳಾಗ್ತಿರ್ಲಿಲ್ಲ ಕಣೇ," ಎಂದು ಗಂಡ ಗುಂಡಿ ಒತ್ತಲಾಗದೆ ಒದ್ದಾಡುತ್ತ ಹೇಳುತ್ತಿದ್ದರು.

ವರ್ಷ ಮುಗಿಯುತ್ತ ಬಂದಾಗ ನಿಧಿಯಿಂದ ಫೋನ್ ಬಂತು. ಸಮಿತಿಯ ಸದಸ್ಯೆಯೊಬ್ಬರು ಯೋಜನೆಯನ್ನು ನೋಡಲು ಬರುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಎರಡನೇ ವರ್ಷಕ್ಕೂ ಅನುದಾನ. ಇಲ್ಲವಾದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ, ಉಪಕರಣಗಳೂ ಬೇರೆ ಶಾಲೆಗೆ ಹೋಗುತ್ತವೆ.

ಹಿಂದಿನ ದಿನ ಸಂಜೆ ಮುಖ್ಯೋಪಾಧ್ಯಾಯಿನಿ ಏಳನೇ ತರಗತಿಯವರನ್ನು ನಿಲ್ಲಿಸಿ ತಾಲೀಮು ಮಾಡಿಸಿದರು. ಮುಂದೆ ನಿಂತವಳು ರೇಡಿಯೋ. ಬಾಯಿ ಮುಚ್ಚದ ಹುಡುಗಿಗೆ ತರಗತಿಯವರು ಇಟ್ಟ ಹೆಸರು ಅದು. ಈಗ ಶಿಕ್ಷಕರೂ ಹಾಗೇ ಕರೆಯುತ್ತಿದ್ದರು.

"ನಿಂತ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅನೇಕ ಜೀವಿಗಳು ಕಂಡುಬರುತ್ತವೆ," ಎಂದು ಅವಳು ಒಂದೇ ಉಸಿರಿಗೆ ಒಪ್ಪಿಸಿದಳು.

"ಶಹಬ್ಬಾಸ್! ಅವರು ಅಡ್ಡಪ್ರಶ್ನೆ ಕೇಳಿದ್ರೂ ಹೆದರಬೇಡ. ಈಗ, ಆ ಜೀವಿಗಳು ಯಾವ ಬಣ್ಣ ಅಂತ ಕೇಳ್ತಾರೆ ಅನ್ಕೋ."

ರೇಡಿಯೋ ಸ್ವಲ್ಪವೂ ಯೋಚಿಸಲಿಲ್ಲ. "ಕಪ್ಪು-ಬಿಳುಪು, ದೊಡ್ಡ ಮಿಸ್."

"ಕಪ್ಪು-ಬಿಳುಪಾ?"

"ಹೂಂ. ಪಕ್ಕದಲ್ಲಿ ಬಾಣದ ಗುರುತು ಇರುತ್ತೆ, ಬಾಣದ ತುದೀಲಿ ಹೆಸರು. ಪುಸ್ತಕದಲ್ಲಿ ಹಾಗೇ ಇದೆ."

ಮುಖ್ಯೋಪಾಧ್ಯಾಯಿನಿಗೆ ಮೊದಲು ನಗು ಬಂತು. ವಿಜ್ಞಾನ ಶಿಕ್ಷಕರು ನಗಲಿಲ್ಲ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಮಕ್ಕಳೂ ನಗಲಿಲ್ಲ, ಏಕೆಂದರೆ ಉತ್ತರದಲ್ಲಿ ತಪ್ಪೇನಿದೆ ಎಂದು ಅವರಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಹಾಗಾದರೆ ಸರಿಯಾದ ಬಣ್ಣ ಯಾವುದು? ಭಾಷೆ ಕಲಿಸುತ್ತ ಬಂದ ಮುಖ್ಯೋಪಾಧ್ಯಾಯಿನಿಗೂ ಅದು ಗೊತ್ತಿರಲಿಲ್ಲ. ಅವರು ಕೈಚೀಲಕ್ಕೆ ಕೈ ಹಾಕಿದರು.

"ಸರ್, ಹೊದಿಕೆ ತೆಗೀರಿ. ಹುಷಾರು."

ಅಂಗಳದ ಹೂಕುಂಡದ ಕೆಳಗಿನ ತಟ್ಟೆಯಲ್ಲಿ ಪಾಚಿಗಟ್ಟಿ ನಿಂತಿದ್ದ ನೀರನ್ನು ರೇಡಿಯೋ ಲೋಟದಲ್ಲಿ ತಂದಳು. ಶಿಕ್ಷಕರು ಮೂರು ಗಾಜುಪಟ್ಟಿಗಳ ಮೇಲೆ ಒಂದೊಂದು ಹನಿ ಬಿಟ್ಟು, ಮೇಲೆ ತೆಳುಗಾಜು ಮುಚ್ಚಿ, ಒಂದೊಂದಾಗಿ ಸೂಕ್ಷ್ಮದರ್ಶಕಗಳಲ್ಲಿ ಹೊಂದಿಸತೊಡಗಿದರು. ಮೂರನೆಯದರ ಮುಂದೆ ಮುಖ್ಯೋಪಾಧ್ಯಾಯಿನಿ ಕುಳಿತಿದ್ದರು. ತಮ್ಮ ಸರದಿಗೆ ಕಾಯುವಷ್ಟು ತಾಳ್ಮೆ ಅವರಿಗೆ ಇರಲಿಲ್ಲ. ದೊಡ್ಡದಾಗಿ ಕಾಣಲಿ ಎಂದು ಉದ್ದನೆಯ ಲೆನ್ಸನ್ನು ತಾವೇ ತಿರುಗಿಸಿದರು. ಕಣ್ಣಿಟ್ಟರು. ಬರೀ ಮಂಜು. ಕಣ್ಣು ತೆಗೆಯದೆ ಪಕ್ಕದ ತಿರುಪನ್ನು ತಿರುವಿದರು, ಇನ್ನೂ ತಿರುವಿದರು.

ಟಕ್.

ಮಕ್ಕಳೆಲ್ಲ ಅತ್ತ ತಿರುಗಿದರು. ರೇಡಿಯೋ ಮೆಲ್ಲಗೆ ಕೇಳಿದಳು, "ದೊಡ್ಡ ಮಿಸ್, ಕೆಟ್ಟೋಯ್ತಾ?"

ಶಿಕ್ಷಕರು ಬಂದು ನೋಡಿದರು. ತೆಳುಗಾಜು ಒಡೆದಿತ್ತು. ಅದರ ಚೂರು ಉದ್ದನೆಯ ಲೆನ್ಸನ್ನು ಗೀರಿತ್ತು. "ಮೊದಲ ಸಲ ಎಲ್ಲರೂ ಮಾಡೋ ತಪ್ಪು ಮೇಡಂ. ಕಾಲೇಜಲ್ಲಿ ನಾನೂ ಮಾಡಿದ್ದೆ. ಲೆನ್ಸ್ ಇಳಿಸೋವಾಗ ಪಕ್ಕದಿಂದ ನೋಡ್ಬೇಕು. ಕಣ್ಣಿಟ್ಟ ಮೇಲೆ ಮೇಲಕ್ಕೆ ಮಾತ್ರ ಎತ್ಬೇಕು." ಮುಖ್ಯೋಪಾಧ್ಯಾಯಿನಿಯ ಮುಖ ಸಪ್ಪೆಯಾಗಿರುವುದನ್ನು ಕಂಡು ದನಿ ತಗ್ಗಿಸಿದರು. "ನಾಳೆ ಇದನ್ನ ಹೊದಿಕೆ ಹಾಕಿ ಬೀರುವಲ್ಲೇ ಇಡೋಣ. ತೆಗೆದು ನೋಡೋರು ಯಾರಿದ್ದಾರೆ?"

"ನಾವು ಒಡೆದಿದ್ರೂ ಹಾಗೇ ಬಚ್ಚಿಡ್ತಿದ್ರಾ ಸರ್?"

ಕುಹಕದಿಂದ ಕೇಳಿದ ಪ್ರಶ್ನೆಯಲ್ಲ. ರೇಡಿಯೋಗೆ ನಿಜವಾಗಿಯೂ ತಿಳಿಯಬೇಕಿತ್ತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುವುದನ್ನು ಮುಖ್ಯೋಪಾಧ್ಯಾಯಿನಿ ಆಗ ಗಮನಿಸಿದರು. ಉಳಿದ ಮಕ್ಕಳೂ ಹಾಗೆಯೇ ನಿಂತಿದ್ದರು. ಹಾಗೆ ನಿಲ್ಲುವುದನ್ನು ಕಲಿಸಿದವರು ಅವರೇ.

"ಉಳಿದೆರಡು ಸರಿಯಾಗಿವೆಯಲ್ಲ," ಎಂದರು ಮುಖ್ಯೋಪಾಧ್ಯಾಯಿನಿ. "ನೋಡ್ರಮ್ಮ. ಒಬ್ಬೊಬ್ಬರಾಗಿ. ಕೈ ಮುಂದೆ ತನ್ನಿ, ಕೈ ಇಲ್ದೆ ಹೇಗೆ ತಿರುವ್ತೀರಿ?"

ರೇಡಿಯೋ ಪಕ್ಕದಿಂದ ನೋಡುತ್ತ ಲೆನ್ಸ್ ಇಳಿಸಿದಳು. ಆಮೇಲೆ ಕಣ್ಣಿಟ್ಟು ಮೆಲ್ಲನೆ ಎತ್ತಿದಳು. ಅವಳು ಅಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

"ಮಿಸ್... ಬಣ್ಣಾನೇ ಇಲ್ಲ. ಗಾಜಿನ ಥರ ಇದೆ. ಹೊಟ್ಟೆಯೊಳಗೆ ತಿಂದಿದ್ದು ಹಸಿರಾಗಿ ಕಾಣ್ತಿದೆ. ಅಯ್ಯೋ, ಓಡಿಹೋಯ್ತು!"

ಮರುದಿನ ಮೂರೂ ಸೂಕ್ಷ್ಮದರ್ಶಕಗಳು ಮೇಜಿನ ಮೇಲಿದ್ದವು. ಸಮಿತಿಯ ಸದಸ್ಯೆ ಮೆಲುದನಿಯವರು, ಎಲ್ಲವನ್ನೂ ಮುಟ್ಟಿ ನೋಡುವವರು. ಮೊದಲನೆಯದಕ್ಕೆ ಬಾಗಿ, ಕಣ್ಣಿಟ್ಟು, ತಿರುಪಿಗೆ ಕೈ ಹಾಕಿದ್ದರಷ್ಟೇ.

"ಮೇಡಂ, ನಿಲ್ಲಿ ನಿಲ್ಲಿ! ಪಕ್ಕದಿಂದ ನೋಡ್ಕೊಂಡು ಇಳಿಸ್ಬೇಕು. ಇಲ್ದಿದ್ರೆ ಆ ಕೊನೇದರ ಥರ ಕೆಟ್ಟೋಗುತ್ತೆ!"

"ಕೊನೇದು ಕೆಟ್ಟಿದೆಯಾ? ಯಾರು ಕೆಡಿಸಿದ್ದು?"

ರೇಡಿಯೋ ನಾಲಿಗೆ ಕಚ್ಚಿಕೊಂಡು ನೆಲ ನೋಡಿದಳು. ವಿಜ್ಞಾನ ಶಿಕ್ಷಕರು ಏನೋ ಹೇಳಲು ಬಾಯಿ ತೆರೆದರು.

"ನಾನು," ಎಂದರು ಮುಖ್ಯೋಪಾಧ್ಯಾಯಿನಿ. "ನಿನ್ನೆ ಸಂಜೆ. ಅಲ್ಲಿವರೆಗೆ ಯಾವುದೂ ಕೆಟ್ಟಿರ್ಲಿಲ್ಲ, ಯಾಕಂದ್ರೆ ಯಾರೂ ಮುಟ್ಟೇ ಇರ್ಲಿಲ್ಲ. ವರ್ಷವಿಡೀ ನಾನು ಬೀಗ ಹಾಕಿಟ್ಟಿದ್ದೆ. ಮಕ್ಕಳು ನಿಮಗೆ ತೋರಿಸ್ತಿರೋದು ಒಂದು ಸಂಜೆ ಕಲಿತದ್ದು, ಅಷ್ಟೇ."

ಸದಸ್ಯೆ ನೆಟ್ಟಗೆ ನಿಂತರು. "ಇದನ್ನ ನೀವು ಹೇಳ್ಬೇಕಾಗಿರ್ಲಿಲ್ಲ."

"ಗೊತ್ತು."

"ಕೆಟ್ಟ ಉಪಕರಣಕ್ಕೆ ನಿಧಿ ಇನ್ನೊಮ್ಮೆ ಹಣ ಕೊಡಲ್ಲ. ಉಳಿದದ್ದು ಸಮಿತಿ ಏನು ಹೇಳುತ್ತೋ, ನಾನು ಮಾತು ಕೊಡಲಾರೆ." ಎಂದವರು ರೇಡಿಯೋ ಕಡೆ ತಿರುಗಿದರು. "ಒಂದು ಸಂಜೆ ಕಲಿತದ್ದನ್ನ ನನಗೂ ಕಲಿಸಮ್ಮ. ಪಕ್ಕದಿಂದ ಹೇಗೆ ನೋಡ್ಬೇಕು?"

ಅವರು ಹೊರಡುವ ಹೊತ್ತಿಗೆ ಊಟದ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು.

ರಜೆ ಕಳೆದ ಮೇಲೆ ಎರಡನೇ ವರ್ಷದ ಅನುದಾನ ಬಂತು. ಹೇಳಿದಂತೆ, ಲೆನ್ಸಿನ ಹಣ ಬರಲಿಲ್ಲ. ಆ ಸೂಕ್ಷ್ಮದರ್ಶಕದ ಚಿಕ್ಕ ಲೆನ್ಸ್ ಸರಿಯಾಗಿಯೇ ಇತ್ತು. ಹೊಸಬರಿಗೆ ಮೊದಲು ಅದನ್ನೇ ಕೊಡುವುದು ರೂಢಿಯಾಯಿತು. ಮಕ್ಕಳು ಅದಕ್ಕೆ "ದೊಡ್ಡ ಮಿಸ್" ಎಂದೇ ಹೆಸರಿಟ್ಟರು. "ಲೋ, ದೊಡ್ಡ ಮಿಸ್ ಖಾಲಿ ಇದ್ದಾರೆ, ಬಾರೋ!" ಎಂಬ ಕೂಗು ಕೇಳಿದರೆ ಮುಖ್ಯೋಪಾಧ್ಯಾಯಿನಿ ಕೇಳಿಸದವರಂತೆ ಕಡತ ತಿರುವುತ್ತಿದ್ದರು.

ಒಂದು ಬೆಳಿಗ್ಗೆ ಅವರು ಎಂದಿನಂತೆ ಬಟ್ಟೆ ಹಿಡಿದು ಬೀರುವಿನ ಮುಂದೆ ನಿಂತರು. ಗಾಜು ಮೇಲಿಂದ ಕೆಳಗಿನವರೆಗೂ ಸ್ವಚ್ಛವಾಗಿತ್ತು. ಅಂಗೈ ಇಲ್ಲ, ಮೂಗಿಲ್ಲ. ಬೀಗವಿಲ್ಲದ ಬಾಗಿಲು ತೆಗೆದು ಒಂದು ಸೂಕ್ಷ್ಮದರ್ಶಕವನ್ನು ಬೆಳಕಿಗೆ ಹಿಡಿದರು. ಕಣ್ಣಿಡುವ ಗಾಜಿನ ಸುತ್ತ ಜಿಡ್ಡು ಮೆತ್ತಿತ್ತು. ಯಾರದೋ ರೆಪ್ಪೆಗೂದಲೊಂದು ಅಂಟಿತ್ತು.

ಅವರು ಕುರ್ಚಿ ಎಳೆದು ಕುಳಿತು, ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸತೊಡಗಿದರು.