ಶ್ರೀಮತಿ ಸುಜಾತಾ ಮತ್ತು ಡಾ. ಹುಲಗೇಶ

ಗುಲಾಬಿ ನೀರಿನ ಹನಿ ಕನ್ನಡಕದ ಮೇಲೆ ಬಿತ್ತು, ಎಡಕ್ಕೆ ಒಂದು, ಬಲಕ್ಕೆ ಎರಡು, ಈಗ ಇಡೀ ಕಲ್ಯಾಣಮಂಟಪ ಮಳೆಯಲ್ಲಿ ವೈಪರ್ ಕೆಟ್ಟ ಬಸ್ಸಿನ ಗಾಜಿನ ಹಾಗೆ ಕಾಣುತ್ತಿದೆ, ಒರೆಸಿಕೊಳ್ಳಲೇ, ಬೇಡ, ಮಗಳ ಮದುವೆಯ ದಿನ ಅಪ್ಪ ಕನ್ನಡಕ ಒರೆಸಿದರೆ ಅಳುತ್ತಿದ್ದಾನೆ ಅಂತಾರೆ, ನಾನು ಅಳುತ್ತಿಲ್ಲ, ನನ್ನೊಳಗೆ ಡಬಲ್ ಬೆಲ್ ಹೊಡೆಯುತ್ತಿದೆ, ರೈಟ್ ರೈಟ್ ರೈಟ್ — ಅಕ್ಷತೆ ಆಯಿತು, ಕರುಣಾ ಅಲ್ಲಿ ವೇದಿಕೆ ಮೇಲೆ ಉದಯಕುಮಾರನ ಪಕ್ಕ ಕೂತಿದ್ದಾಳೆ, ಇನ್ನು ಉಳಿದದ್ದು ಟಾವೆಲ್ ಟೊಪಗಿ, ಹಿರಿಯರನ್ನು ಒಬ್ಬೊಬ್ಬರಾಗಿ ಮೈಕಿನಲ್ಲಿ ಕರೆದು ಹೆಗಲಿಗೆ ಟಾವೆಲ್ ಹಾಕಿ ತಲೆಗೆ ಬಿಳಿ ಟೊಪಗಿ ಇಡುವ ಮರ್ಯಾದೆ, ಮೊದಲು ಉದಯಕುಮಾರನ ಅಪ್ಪ, ನಮ್ಮ ಬೀಗರು, ಆಮೇಲೆ ನಾನು, ಮೈಕು ಹಿಡಿದವನು ಬಂದೇನವಾಜ, ಹನ್ನೆರಡು ವರ್ಷ ನನ್ನ ಬಸ್ಸಿನ ಡ್ರೈವರ್, ಸ್ಟೇರಿಂಗ್ ಹಿಡಿದಾಗ ಮಾತಾಡದವನು ಮೈಕು ಹಿಡಿದರೆ ಬಿಡುವುದಿಲ್ಲ, ಇನ್ನೈದು ನಿಮಿಷಕ್ಕೆ ಅವನು ಕರೆಯುತ್ತಾನೆ, ಡಾಕ್ಟರ್ ಹುಲಗೇಶ ಅವರು ವೇದಿಕೆಗೆ ಬರಬೇಕು ಅಂತ, ಮತ್ತು ನಾನು ಡಾಕ್ಟರ್ ಅಲ್ಲ, ಕಂಡಕ್ಟರ್, ಎರಡಕ್ಕೂ ಬಾಲ ಒಂದೇ, ತಲೆ ಬೇರೆ. ಪಿಎಚ್‌ಡಿ ಮಾಡಿ ಡಾಕ್ಟರ್ ಆಗಿರುವುದು ನನ್ನ ಹೆಂಡತಿ ಸುಜಾತಾ, ಅಗೋ ಮೊದಲ ಸಾಲಿನಲ್ಲಿ, ಹಸಿರು ಇಳಕಲ್ ಸೀರೆ, ಕಾರ್ಡಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಾಳೆ, ಇಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ, ಹಾಗಾಗಿ ಎಲ್ಲರೂ ಲಗ್ನದ ಕಾರ್ಡಿನಿಂದಲೇ ಬೀಸಿಕೊಳ್ಳುತ್ತಿದ್ದಾರೆ, ಮುನ್ನೂರು ಕಾರ್ಡು, ಪ್ರತಿ ಕಾರ್ಡಿನ ಮೇಲೂ ಒಂದು ಕೆಂಪು, ಮಿಣಕ್ ಮಿಣಕ್, ಕುಂಕುಮ.

ಆ ಕಾರ್ಡೇ ಎಲ್ಲದಕ್ಕೂ ಮೂಲ. ಬರೆದುಕೊಟ್ಟದ್ದು ಸರಿಯಾಗಿಯೇ ಇತ್ತು, ಡಾ. ಸುಜಾತಾ ಮತ್ತು ಶ್ರೀ ಹುಲಗೇಶ ಇವರ ಸುಪುತ್ರಿ ಅಂತ, ಪ್ರೆಸ್ಸಿನ ಗುರುಸಿದ್ದಯ್ಯ ಪ್ರೂಫ್ ಕಳಿಸಿದ, ನೋಡಿದರೆ ಡಾ. ಅನ್ನುವುದು ಅವಳ ಹೆಸರು ಬಿಟ್ಟು ನನ್ನ ಹೆಸರಿನ ಮುಂದೆ ಬಂದು ಕೂತಿದೆ, ಸೀಟು ಕಂಡ ಪ್ಯಾಸೆಂಜರಿನ ಹಾಗೆ. ಸುಜಾತಾ ಹೈಸ್ಕೂಲಿನ ಕನ್ನಡ ಟೀಚರ್, ತಪ್ಪು ಕಂಡರೆ ಅವಳ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಗುತ್ತದೆ, ಡಾ. ಸುತ್ತ ಒಂದು ಗುಂಡು ಹಾಕಿದಳು, ಅಲ್ಲಿಂದ ಒಂದು ಬಾಣ ಎಳೆದಳು, ಮತ್ತು ಅನ್ನುವುದರ ತಲೆ ಮೇಲಿಂದ ಹಾಯಿಸಿ ತನ್ನ ಹೆಸರಿನ ಮುಂದೆ ತಂದು ಇಳಿಸಿದಳು, ಕೊಟ್ಟು ಬರ್ರಿ ಅಂದಳು, ಸ್ಕೂಟರ್ ಹತ್ತಿದೆ. ದಾರಿಯಲ್ಲಿ ಒಂದು ಸಲ ಓದಿದೆ, ಡಾ. ಹುಲಗೇಶ, ಇನ್ನೊಂದು ಸಲ ಓದಿದೆ, ಸಿಗ್ನಲ್ ಹಸಿರಾದದ್ದು ಗೊತ್ತಾಗಲಿಲ್ಲ. ಗುರುಸಿದ್ದಯ್ಯ ಕೇಳಿದ, ಏನ್ರಿ, ಅಕ್ಕೋರು ಏನೋ ಬಾಣ ಹೊಡದಾರಲ್ಲ, ತಿದ್ದೂಣೇನು? ನನ್ನ ಬಾಯಿ ಹೇಳಿತು, ಅದು ಪೆನ್ನ ಜಾರೈತ್ರಿ, ಹಂಗ ಇರ್ಲಿ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನಾನು ಒಂದೇ ಒಂದು ಸುಳ್ಳು ಹೇಳಿದವನಲ್ಲ, ಸಾವಿರ ಹೇಳಿದ್ದೇನೆ, ಆದರೆ ಅವೆಲ್ಲ ಜನ ನಗಲಿ ಅಂತ ಹೇಳಿದ್ದು. ಕಾರ್ಡಿನ ಗಂಟು ಬಂದ ದಿನ ಸುಜಾತಾ ಒಂದು ತೆಗೆದು ಓದಿದಳು, ನಾನು ಗೋಡೆಯ ಕ್ಯಾಲೆಂಡರ್ ಓದಿದೆ, ಅವಳು ಕಾರ್ಡು ಕೆಳಗಿಟ್ಟು ಅಂದಳು, ಛಲೋ ಬಂದಾವ್ರಿ, ಅರಿಷಿಣ ಕುಂಕುಮ ನಾನ ಹಚ್ಚತೇನಿ. ಅಷ್ಟೇ. ಬೈಯಲಿಲ್ಲ, ಕೇಳಲಿಲ್ಲ, ಎರಡು ದಿನ ಖೋಲಿ ಬಾಗಿಲು ಹಾಕಿಕೊಂಡು ಕೂತಳು, ಬೆರಳೆಲ್ಲ ಕೆಂಪು ಮಾಡಿಕೊಂಡು ಎದ್ದು ಬಂದಳು, ಮುನ್ನೂರೂ ಕವರು ಅಂಟಿಸಿ ನನ್ನ ಕೈಗೇ ಕೊಟ್ಟಳು, ಹಂಚಿ ಬರ್ರಿ, ಎಲ್ಲಾರಿಗೂ ಮುಟ್ಟಬೇಕು ಅಂದಳು, ನಾನು ಮುಟ್ಟಿಸಿದೆ, ಲಕಮನಹಳ್ಳಿಯಿಂದ ಹುಬ್ಬಳ್ಳಿಯವರೆಗೆ.

ಆಮೇಲಿನ ಹದಿನೈದು ದಿನ, ಅಯ್ಯಯ್ಯೋ, ಎಂಥ ಹದಿನೈದು ದಿನ! ಡಾಕ್ಟರ್, ಡಾಕ್ಟರ್, ಡಾಕ್ಟರ್. ಒಂದು ಮಾತಿಗೆ ಎಷ್ಟು ಶಕ್ತಿ ಇದೆ ಅನ್ನುವುದು ನನಗೆ ಮೊದಲೇ ಗೊತ್ತಿತ್ತು, ಬಸ್ಸು ತುಂಬಿ ಬಾಗಿಲಿಗೆ ಜೋತುಬಿದ್ದಾಗ ಮುಂದ ಹೋಗ್ರಿ ಅಂತ ಗಂಟಲು ಹರಿದುಕೊಂಡರೂ ಯಾರೂ ಸರಿಯುವುದಿಲ್ಲ, ಆದರೆ ಎದುರಿಗೆ ನಿಂತವನನ್ನು ಅವನಿರುವುದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿಟ್ಟು ಕರೆಯಬೇಕು, ಗುಮಾಸ್ತನಿಗೆ ಸಾಹೇಬ್ರ, ಪೊಲೀಸಪ್ಪನಿಗೆ ಪಿಎಸ್ಐ ಸಾಹೇಬ್ರ, ಒಂದೀಟು ಹಿಂದ ಸರೀರಿ, ಹೂವಿನ ಹಾಗೆ ಸರಿಯುತ್ತಾರೆ, ಎರಡು ಮೆಟ್ಟಿಲು ಏರಿಸಿದರೆ ಮಾತ್ರ ಚೇಷ್ಟೆ ಅಂತ ಗೊತ್ತಾಗಿ ಜಗಳಕ್ಕೆ ಬರುತ್ತಾರೆ. ಒಮ್ಮೆ ಯೂನಿವರ್ಸಿಟಿ ಸ್ಟಾಪಿನಲ್ಲಿ ಡಾಕ್ಟರ್ರ ಮುಂದ ಹೋಗ್ರಿ ಅಂದೆ, ಹಿಂದಿನ ಬಾಗಿಲಲ್ಲಿದ್ದ ಹತ್ತೊಂಬತ್ತು ಮಂದಿ ಒಟ್ಟಿಗೇ ಮುಂದೆ ಹೋದರು, ಬಸ್ಸಿನ ಹಿಂದಿನ ಗಾಲಿ ಎರಡು ಬೆರಳು ಮೇಲೆದ್ದಿತು, ಬಂದೇನವಾಜ ಸಾಕ್ಷಿ. ಇದೆಲ್ಲ ಸುಜಾತಾಳ ಪ್ರಬಂಧದಲ್ಲಿ ಅಚ್ಚಾಗಿದೆ, ಗಾಲಿ ಬಿಟ್ಟು. ಹನ್ನೊಂದು ವರ್ಷ ಅವಳು ಬರೆದದ್ದೇ ಇದರ ಮೇಲೆ, ನಮ್ಮ ಸೀಮೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಅಂತ, ಸಾಲೆ ಮುಗಿಸಿ, ಅಡುಗೆ ಮುಗಿಸಿ, ಊಟದ ತಾಟು ಸರಿಸಿ ಅದೇ ಜಾಗದಲ್ಲಿ ಬರೆಯುತ್ತಿದ್ದಳು. ನೂರಾ ನಲವತ್ಮೂರನೇ ಪುಟ, ಮಾಹಿತಿದಾರರು ಶ್ರೀ ಹುಲಗೇಶ, ಬಸ್ ನಿರ್ವಾಹಕರು. ಅವಳು ನನ್ನ ಹೆಸರನ್ನು ಎಲ್ಲಿಡಬೇಕೋ ಅಲ್ಲಿಟ್ಟಳು, ನಾನು — ಇರಲಿ, ಹದಿನೈದು ದಿನ ಅದನ್ನು ನೆನೆಯುವುದಕ್ಕೆ ಪುರಸೊತ್ತೆಲ್ಲಿತ್ತು, ಕಾಯಿಪಲ್ಲೆ ಮಾರುವ ಶಾಯಿಸ್ತಾ ಬುಟ್ಟಿ ಪಕ್ಕಕ್ಕಿಟ್ಟು ನಾಲಿಗೆ ಹೊರಗೆ ಚಾಚಿದಳು, ನೋಡ್ರಿ ಡಾಕ್ಟರ್ ಸಾಹೇಬ್ರ, ಬೆಳ್ಳಗಾಗೇತೇನು, ನಾನು ಬ್ಯಾಟರಿ ಹಾಕಿ ನೋಡಿದೆ, ಮೆಂತ್ಯಪಲ್ಲೆ ತಿನ್ನು ಅಂದೆ, ಅದನ್ನೂ ನಾನ ಮಾರತೇನ್ರಿ ಅಂದಳು. ಬೀಗರು ಮಂಡಿ ತೋರಿಸಿದರು. ನಾನು ಕಂಡಕ್ಟರ್ ಅಂತ ಬೀಗರಿಗೆ ಗೊತ್ತು, ಆದರೆ ಕಂಡಕ್ಟರ್ ಪಿಎಚ್‌ಡಿ ಮಾಡಬಾರದು ಅಂತ ಕಾನೂನಿದೆಯೇ, ಅವರು ಕೇಳಿದರು, ಡಾಕ್ಟರ್ ಬೀಗರ, ನೀವು ಯಾತರ ಮ್ಯಾಲ ಮಾಡೀರಿ? ಬಸ್ಸಿನ ಗಂಟಿ ಮ್ಯಾಲ್ರಿ ಅಂದೆ, ಒಂದು ಗಂಟಿಗೆ ನಿಲ್ಲಬೇಕು, ಎರಡಕ್ಕ ಹೋಗಬೇಕು, ಮೂರು ಹೊಡದ್ರ ಏನು ಅನ್ನೋದು ಜಗತ್ತಿನ್ಯಾಗ ಯಾರಿಗೂ ಗೊತ್ತಿದ್ದಿಲ್ಲ. ಅವರು ಒಂದಿಷ್ಟೂ ನಗಲಿಲ್ಲ, ಹೌದೇನ್ರಿ, ಏನಂತ್ರಿ ಮೂರಕ್ಕ? ಅಂದರು. ಅದನ್ನ ಎರಡನೇ ಪಿಎಚ್‌ಡಿಗೆ ಬಿಟ್ಟೇನ್ರಿ ಅಂದೆ. ಎಂಥ ಸಭ್ಯ ಮನುಷ್ಯ, ಎಷ್ಟು ಬೇಗ ನಂಬುತ್ತಾರೆ ಜನ.

ಬೀಗರಿಗೆ ಟೊಪಗಿ ಇಟ್ಟಾಯಿತು, ಚಪ್ಪಾಳೆ, ಮಿಣಕ್ ಮಿಣಕ್ ಕೆಂಪು, ಸುಜಾತಾಳ ಪಕ್ಕ ನನ್ನವ್ವ ಸಾವಕ್ಕ, ಎಂಬತ್ತೊಂದು ವರ್ಷ, ಜೀವಮಾನವಿಡೀ ಓಣಿಯವರು ಏ ಸಾವಿ, ಬಾರ ಇಲ್ಲಿ ಅಂತ ಕರೆದವರೇ, ರಿ ಅನ್ನುವ ಒಂದು ಅಕ್ಷರ ಅವಳ ಹೆಸರಿಗೆ ಯಾರೂ ಹಚ್ಚಲಿಲ್ಲ, ಸೊಸೆಯ ಪುಸ್ತಕದಲ್ಲಿ ಶ್ರೀಮತಿ ಸಾವಕ್ಕನವರು ಅಂತ ಬಂದಾಗ ಏಳು ಸಲ ಓದಿಸಿದಳು, ಆ ನವರು ಎಲ್ಲೈತಿ, ಬೆರಳು ಇಟ್ಟು ತೋರಸು ಅಂದಳು, ಬೆರಳಿಟ್ಟು ತೋರಿಸಿದ ಸುಜಾತಾ, ಆ ಸುಜಾತಾಳ ಒಂದಕ್ಷರ ನನ್ನ ಕಿಸೆಯಲ್ಲಿದೆ — ಡಾಕ್ಟರ್ ಹುಲಗೇಶ ಅವರು ವೇದಿಕೆಗೆ ಬರಬೇಕು, ಬಂದೇನವಾಜ ಕರೆದ, ಕಾಲು ಎದ್ದವು, ಮೆಟ್ಟಿಲು ಒಂದು, ಎರಡು, ನಾನೇ ನನ್ನನ್ನು ಎರಡು ಮೆಟ್ಟಿಲು ಏರಿಸಿಕೊಂಡೆನಲ್ಲ, ಬೀಗರ ಕೈಯಲ್ಲಿ ಬಿಳಿ ಟೊಪಗಿ, ತಲೆ ಬಗ್ಗಿಸಿದರೆ ಮುಗಿಯಿತು, ಬಗ್ಗಲಿಲ್ಲ, ಕುತ್ತಿಗೆ ಬಗ್ಗಲೇ ಇಲ್ಲ, ಮೈಕು ಕಸಿದುಕೊಂಡೆ, ತಪ್ಪಾಗೇತ್ರಿ, ಡಾಕ್ಟರ್ ನಾನಲ್ರಿ, ಇಕಿ, ನಮ್ಮ ಸುಜಾತಾ, ಹನ್ನೊಂದು ವರ್ಷ ಓದ್ಯಾಳ, ಕಾರ್ಡಿನ್ಯಾಗ ತಿದ್ದಿ ಕೊಟ್ಟಿದ್ಲು, ನಾನ ಪ್ರೆಸ್ಸಿನ್ಯಾಗ ಬ್ಯಾಡಂದೆ. ಕರುಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳುತ್ತಾಳೇನೋ, ಅಷ್ಟರಲ್ಲಿ ಮೊದಲ ಸಾಲಿನಿಂದ ಅವ್ವ, ಮೈಕು ಬೇಡ ಅವಳಿಗೆ, ಗೊತ್ತೈತೇಳೋ ಹುಲಗ್ಯಾ, ಕಾರ್ಡಿನ್ಯಾಗ ಐತಲ್ಲೋ ಮಂಗ್ಯಾ!

ಆಗ ಕನ್ನಡಕ ಒರೆಸಿದೆ. ನಗು, ಶಿಳ್ಳೆ, ಮುನ್ನೂರು ಕಾರ್ಡು ಗಾಳಿಯಲ್ಲಿ ಎದ್ದವು, ಶಾಯಿಸ್ತಾ ಆ ಮೂಲೆಯಿಂದ ಮತ್ತೆ ನಾಲಿಗೆ ಚಾಚಿದ್ದಾಳೆ, ಹದಿನೈದು ದಿನ, ಹದಿನೈದು ದಿನ ಊರಿಗೆ ಊರೇ ನನಗೆ — ಬೀಗರು ತಮ್ಮ ಕಾರ್ಡು ನನ್ನ ಮೂಗಿನ ಕೆಳಗೆ ಹಿಡಿದು, ಮೂರು ಗಂಟಿಗೆ ಹಿಂದಕ್ಕ ಬರಬೇಕು ಅಂತ ಈಗ ತಿಳೀತೇನ್ರಿ ಕಂಡಕ್ಟರ್ ಬೀಗರ? ಬಂದೇನವಾಜ ಮೈಕು ವಾಪಸ್ ಕಿತ್ತುಕೊಂಡ, ಡಾಕ್ಟರ್ ಸುಜಾತಾ ಅವರು ವೇದಿಕೆಗೆ ಬರಬೇಕು, ಕಂಡಕ್ಟರ್ ಸಾಹೇಬ್ರು ಒಂದೀಟು ಹಿಂದ ಸರೀಬೇಕು. ಸರಿದೆ, ಹೂವಿನ ಹಾಗೆ. ಅವಳು ಬರುತ್ತಿದ್ದಾಳೆ, ನನ್ನ ಕಡೆ ನೋಡುತ್ತಿಲ್ಲ, ತುಟಿ ಮಾತ್ರ ಬಿಗಿ ಹಿಡಿದಿದ್ದಾಳೆ, ಓದು ಬರದ ಅವ್ವನೂ ಓದಿದ್ದಾಳೆ, ಬಾಣ ಓದಲು ಅಕ್ಷರ ಯಾಕೆ ಬೇಕು, ಮೂಲೆಯಲ್ಲಿ ಚಿಟಿಕೆ ಕುಂಕುಮ, ನಡುವೆ ಕೆಂಪು ಪೆನ್ನಿನ ಗುಂಡು, ಗುಂಡಿನೊಳಗೆ ಡಾ., ಮುನ್ನೂರು ಸಲ ಎಳೆದಿದ್ದಾಳೆ ಬಾಗಿಲು ಹಾಕಿಕೊಂಡು, ಮುನ್ನೂರೂ ನಾನೇ ಹಂಚಿದ್ದು, ಒಂದು ಗೆರೆಯೂ ನಡುಗಿಲ್ಲ, ಕೆಂಪು ಬಾಣ, ನನ್ನ ಹೆಸರಿನ ಮುಂದಿನಿಂದ ಅವಳ ಹೆಸರಿನ ಮುಂದಕ್ಕೆ, ಬಾಣ, ಕೆಂಪು