ಬೆನ್ನು ತಾಗಿದ ಕಲ್ಲು

ಕಲ್ಲುಕುಟಿಗ ಹನುಮಂತಯ್ಯ ಕಲ್ಲಿನ ಎದೆಮಟ್ಟದಲ್ಲಿ ಎರಡು ಕುಳಿ ತೋಡಿ ಮುಗಿಸಿ ಮೂರನೆಯದಕ್ಕೆ ಚಾಣ ಇಟ್ಟಿದ್ದ. ಈಶ್ವರಮ್ಮ ಬುತ್ತಿಗಂಟನ್ನು ಬದುವಿನ ಮೇಲೆಯೇ ಬಿಟ್ಟು ಓಡಿಬಂದಳು.

"ನಿಲ್ಸಪ್ಪಾ! ಒಡಿ ಅಂತ ಯಾರು ಹೇಳಿದ್ದು?"

"ನಿಮ್ ಮೈದ್ನಾರೇ ಕಣ್ರಮ್ಮ."

ಷಣ್ಮುಖಪ್ಪ ಬಾವಿಯ ಕಡೆಯಿಂದ ಬಂದ. ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ಹೊಲಕ್ಕೆ ಕರೆಂಟು ಬಂದಿತ್ತು. "ಪಂಪ್‌ಸೆಟ್ ಮನೆ ಬಾಗಿಲ ಮೇಲಕ್ಕೆ ಚಪ್ಪಡಿ ಬೇಕಲ್ಲ ಅತ್ಗೆಮ್ಮ. ಸಖರಾಯಪಟ್ಟಣದಿಂದ ಹೇರ್ಕೊಂಡು ಬರೋ ಬದ್ಲು ಇದೇ ಐತಲ್ಲ."

ಹಿರೇನಲ್ಲೂರಿನ ಆ ಬೆದ್ದಲು ಹೊಲದ ನಡುವೆ ಕಲ್ಲು ಒಂಟಿಯಾಗಿ, ತುಸು ವಾಲಿ ನಿಂತಿತ್ತು. ಉಳುವವರು ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಈಶ್ವರಮ್ಮನ ಗಂಡ ಇದ್ದಾಗ ಇಬ್ಬರೂ ಮಧ್ಯಾಹ್ನ ಅದಕ್ಕೆ ಒರಗಿ ಉಣ್ಣುತ್ತಿದ್ದರು. ಅವನು ಬಿಸಿಲಿನ ಕಡೆ, ಇವಳು ನೆರಳಿನ ಕಡೆ. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಮಾತು. ಅವನು ಹೋದ ಮೇಲೂ ಅವಳು ತನ್ನ ಕಡೆಯೇ ಕೂರುತ್ತಿದ್ದಳು. ಅದನ್ನು ಮೈದುನನಿಗೆ ಹೇಳುವುದು ಹೇಗೆ?

"ಆ ಕಾಲೇಜು ಮೇಷ್ಟ್ರು ಬಂದಿದ್ರಲ್ಲಪ್ಪ, ಮೂರು ಸಾವಿರ ವರ್ಷದ್ದು ಅಂದ್ರು. ಆಗಿನ ಜನ ಸತ್ತೋರಿಗೆ ಅಂತ ನಿಲ್ಸಿದ್ದಂತೆ."

"ಅಷ್ಟು ವರ್ಷ ನಿಂತು ಕಾಲು ನೋಯ್ತಿರ್ಬೇಕು, ಮಲಗ್ಲಿ ಬಿಡಿ," ಎಂದ ಷಣ್ಮುಖಪ್ಪ. ಹನುಮಂತಯ್ಯ ನಕ್ಕು ಸುತ್ತಿಗೆ ಎತ್ತಿದ.

"ನಮ್ ಮನೆದೇವ್ರು ಅಜ್ಜಯ್ಯ ಕನಸಲ್ಲಿ ಬಂದಿದ್ದ," ಎಂದುಬಿಟ್ಟಳು ಈಶ್ವರಮ್ಮ. "ಈ ಕಲ್ಲಲ್ಲಿ ಇದೀನಿ ಅಂದ."

ಯಾವ ಕನಸೂ ಬಿದ್ದಿರಲಿಲ್ಲ. ಸುಳ್ಳಿನ ಅಂಜಿಕೆಗೆ ಅವಳ ದನಿ ನಡುಗಿತು. ಆ ನಡುಕವನ್ನೇ ಅವರು ನಂಬಿದರು. ಹನುಮಂತಯ್ಯ ಚಾಣ ಕೆಳಗಿಟ್ಟು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಷಣ್ಮುಖಪ್ಪ ಮೆಲ್ಲಗೆ ಚಪ್ಪಲಿ ಕಳಚಿದ.

ಸೋಮವಾರ ಊರಿನ ಹೆಂಗಸರು ಎಣ್ಣೆ ತಂದರು. ಕಲ್ಲಿಗೆ ವಿಭೂತಿ ಬಂತು, ಸುತ್ತ ಕಟ್ಟೆ ಎದ್ದಿತು. ಹನುಮಂತಯ್ಯ ತೋಡಿದ್ದ ಎರಡು ಕುಳಿಗಳಿಗೆ ಷಣ್ಮುಖಪ್ಪನೇ ಬೆಳ್ಳಿಯ ಕಣ್ಣು ಮಾಡಿಸಿ ಕೂರಿಸಿದ. ಪಂಪ್‌ಸೆಟ್ ಮನೆಯ ಚಪ್ಪಡಿ ಸಖರಾಯಪಟ್ಟಣದಿಂದ ಬಂತು.

ಒಂದು ಮಧ್ಯಾಹ್ನ ಈಶ್ವರಮ್ಮ ಬುತ್ತಿ ಬಿಚ್ಚಿ, ಎಂದಿನಂತೆ ಕಲ್ಲಿಗೆ ಒರಗಿದಳು.

"ಅಯ್ಯೋ, ಏಳಕ್ಕಾ!" ಹೂ ಏರಿಸಲು ಬಂದಿದ್ದ ಪಕ್ಕದ ಹೊಲದ ಕರಿಬಸಮ್ಮ ಕೂಗಿದಳು. "ದೇವ್ರಿಗೆ ಬೆನ್ನು ಕೊಟ್ಕೊಂಡು ಕೂರ್ತಾರಾ? ಕನಸು ಕಂಡೋಳೇ ಹಿಂಗ್ ಮಾಡಿದ್ರೆ ಮಿಕ್ಕೋರ ಗತಿ ಏನೇ?"

"ಮರ್ತೋಯ್ತು ಕಣೇ."

"ರವಿಕೆಯೆಲ್ಲಾ ಎಣ್ಣೆ ಮಾಡ್ಕೊಂಡೆ ನೋಡು."

ಈಶ್ವರಮ್ಮ ಎದ್ದು ದೂರದ ಬದುವಿನ ಮೇಲೆ ಕೂತಳು. ಒರಗಲು ಅಲ್ಲಿ ಏನೂ ಇರಲಿಲ್ಲ. ಮುದ್ದೆ ಅರ್ಧ ಉಳಿಯಿತು.

ಹೊತ್ತು ಇಳಿದು ಹೊಲ ಬರಿದಾದ ಮೇಲೆ ಕಲ್ಲಿನ ಹತ್ತಿರ ಹೋದಳು. ತನ್ನ ಕಡೆಯಲ್ಲ, ಅವನು ಕೂರುತ್ತಿದ್ದ ಕಡೆ. ಬೆನ್ನು ತಾಗಿ ತಾಗಿ ನುಣುಪಾಗಿದ್ದ ಜಾಗಕ್ಕೆ ಬಗ್ಗಿ ಅಂಗೈ ಇಟ್ಟಳು. ಎಣ್ಣೆಯ ಜಿಡ್ಡಿನ ಕೆಳಗೆ ಕಲ್ಲು ಇನ್ನೂ ಬೆಚ್ಚಗಿತ್ತು.

ಬದುವಿನ ಮೇಲೆ ಯಾರೋ ದೀಪ ಹಿಡಿದು ಬರುವುದು ಕಂಡಿತು. ಈಶ್ವರಮ್ಮ ನೆಟ್ಟಗೆ ನಿಂತು, ಆ ಅಂಗೈಗೆ ಇನ್ನೊಂದನ್ನು ಜೋಡಿಸಿದಳು.