ಭಾವನ ಗುಟ್ಟಿನ ಸ್ವಿಚ್ಚು

ನಮ್ಮ ಭಾವ ನೆಲವನ್ನು ನಂಬಿ ನಡೆದವರಲ್ಲ. ಹಿಮ್ಮಡಿಯನ್ನು ಮೊದಲು ಊರಿ, ಕ್ಷಣಮಾತ್ರ ತಡೆದು, ಭೂಮಿ ತಮ್ಮ ಭಾರವನ್ನು ಹೊರಲು ಸಿದ್ಧವಾಗಿದೆಯೆಂದು ಖಾತ್ರಿಯಾದ ಮೇಲೆಯೇ ಪಾದದ ಉಳಿದ ಭಾಗವನ್ನು ಇಳಿಸುತ್ತಿದ್ದ ಆ ನಡಿಗೆಯನ್ನು ಹಿಂದಿನಿಂದ ನೋಡಿದವರು, ಪಾಪ, ಮಂಡಿನೋವಿನ ಮನುಷ್ಯನಿರಬೇಕೆಂದು ಮರುಗುತ್ತಿದ್ದರು. ಮಂಡಿ ಗಟ್ಟಿಯಾಗಿಯೇ ಇತ್ತು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಆಯುಷ್ಯದ ಬಹುಭಾಗವನ್ನು ಅಂಗಡಿಗಳ ತಕ್ಕಡಿಗಳೆದುರು ಕಳೆದ ಅವರಿಗೆ, ಸೃಷ್ಟಿಯ ಸಕಲ ವಸ್ತುಗಳೂ ಮೊದಲ ನೋಟಕ್ಕೆ ಸುಳ್ಳು ಹೇಳುತ್ತವೆ ಎಂಬುದು ಅನುಭವಸಿದ್ಧ ಸತ್ಯವಾಗಿತ್ತು. ನೆಲವೊಂದನ್ನು ಅದರಿಂದ ಹೊರಗಿಡಲು ಅವರಿಗೆ ಕಾರಣ ಕಂಡಿರಲಿಲ್ಲ.

ಅವರ ಕಂದು ಕೋಟು ಸದಾ ಬಲಕ್ಕೆ ವಾಲಿರುತ್ತಿತ್ತು. ಬಲಜೇಬಿನಲ್ಲಿ ಹಿತ್ತಾಳೆಯ ತೂಕದ ಬಟ್ಟೊಂದು ಇರುತ್ತಿತ್ತು. ನಿವೃತ್ತರಾದ ಮೇಲೂ ಹಣ್ಣಿನಂಗಡಿಗೆ ಹೋದರೆ ಮೊದಲು ಆ ಬಟ್ಟನ್ನು ತಕ್ಕಡಿಗೆ ಹಾಕಿ, ಅದರ ಸಾಕ್ಷ್ಯವನ್ನು ಕೇಳಿ, ಆಮೇಲೆ ಹಣ್ಣಿನ ಮಾತು. ಯಾರು ಏನು ಹೇಳಿದರೂ “ಅಂತ ನೀವು ಹೇಳ್ತೀರಿ” ಎನ್ನುವುದು ಅವರ ಬಾಯಿಗೆ ಅಂಟಿದ ಮಾತು. ನನಗೆ ಮಗಳು ಹುಟ್ಟಿದಳೆಂದು ಓಡಿಹೋಗಿ ಹೇಳಿದಾಗಲೂ “ಅಂತ ನೀನು ಹೇಳ್ತೀಯ” ಎಂದು ಕೋಟು ಹಾಕಿಕೊಂಡು ಆಸ್ಪತ್ರೆಗೆ ಬಂದು, ತೊಟ್ಟಿಲಿಗೆ ಬಗ್ಗಿ ನೋಡಿ, ಆನಂತರವೇ ಸಂತೋಷಪಟ್ಟರು. ಅಕ್ಕ ನಗುತ್ತಾ, “ಮದುವೆ ದಿನ ನನ್ನನ್ನ ತಕ್ಕಡೀಲಿ ಕೂರಿಸಲಿಲ್ಲವಲ್ಲ, ಅದೇ ದೊಡ್ಡದು” ಎನ್ನುತ್ತಿದ್ದಳು.

ಇಂಥವರಲ್ಲಿ ಒಂದು ಹಳೆಯ ಕಾರಿತ್ತು. ಅದರ ಬಣ್ಣ ಒಂದು ಕಾಲಕ್ಕೆ ನೀಲಿ. ಒಂದು ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು, ಇನ್ನೊಂದು ಮನಸ್ಸು ಬಂದಾಗ. ಕದ್ದವನೇ ಅಡ್ಡಬಿದ್ದು ತಂದೊಪ್ಪಿಸಬಹುದಾದ ಆ ವಾಹನಕ್ಕೆ ಭಾವ ಕಳ್ಳರ ಭಯದಿಂದ ಒಂದು ಗುಟ್ಟಿನ ಸ್ವಿಚ್ಚನ್ನು ಸ್ವಹಸ್ತದಿಂದ ಜೋಡಿಸಿದ್ದರು. ಮುಂದಿನ ಎರಡು ಸೀಟುಗಳ ನಡುವೆ, ಕಾರ್ಪೆಟ್ಟಿನ ಕೆಳಗೆ ಒಂದು ಗುಂಡಿ. ಒತ್ತಿದರೆ ಪೆಟ್ರೋಲ್ ಪಂಪಿಗೆ ಕರೆಂಟು, ಮತ್ತೊಮ್ಮೆ ಒತ್ತಿದರೆ ಇಲ್ಲ. ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ಒತ್ತಬೇಕು. ಈ ಗುಟ್ಟನ್ನು ಅವರು ತಮ್ಮ ಮಗಳಿಗೂ ಹೇಳಿರಲಿಲ್ಲ, ಗ್ಯಾರೇಜಿನವನಿಗಂತೂ ಇಲ್ಲವೇ ಇಲ್ಲ. “ಕಾರು ಬಿಚ್ಚೋಕೆ ಬರೋನಿಗೇ ಕಾರು ಕದಿಯೋಕೂ ಬರೋದು” ಎಂಬುದು ಅವರ ಸಿದ್ಧಾಂತ. ಪಕ್ಕದಲ್ಲಿ ಕೂರುತ್ತಿದ್ದ ಅಕ್ಕನಿಗೆ ಮಾತ್ರ ಗೊತ್ತಿತ್ತು. ನನಗೆ ಅವಳಿಂದಲೇ, ಎಲ್ಲ ಮುಗಿದ ಮೇಲೆ ತಿಳಿಯಿತು.

ವಯಸ್ಸಾಗುತ್ತಾ ಬಂದಂತೆ, ಜಗತ್ತಿನಲ್ಲಿ ಸಂಶಯಿಸಲು ಬೇರೇನೂ ಉಳಿಯದೆಯೋ ಏನೋ, ಭಾವನ ಸಂಶಯ ತಮ್ಮ ಕೈಯ ಕಡೆಗೇ ತಿರುಗಿತು. ಗುಂಡಿ ಒತ್ತುವರು, ಒತ್ತಿದೆನೋ ಇಲ್ಲವೋ ಎಂಬ ಅನುಮಾನ, ಖಾತ್ರಿಗಾಗಿ ಮತ್ತೊಮ್ಮೆ ಒತ್ತುವರು. ತಕ್ಕಡಿಯನ್ನು ಎರಡು ಸಲ ಪರೀಕ್ಷಿಸಿದರೆ ಒಳ್ಳೆಯದೇ. ಆದರೆ ಈ ಗುಂಡಿ ಎರಡನೆಯ ಪರೀಕ್ಷೆಗೆ ಆರಿಹೋಗುತ್ತಿತ್ತು. ಒಮ್ಮೆ ಅಂಚೆಕಚೇರಿಯ ಮುಂದೆ ಕಾರು ಹೀಗೆ ಸತಾಯಿಸಿದಾಗ, ಎಲ್ಲವನ್ನೂ ನೋಡುತ್ತ ಕುಳಿತಿದ್ದ ಅಕ್ಕ ಚಪ್ಪಲಿಯ ಪಟ್ಟಿ ಸರಿಮಾಡುವವಳಂತೆ ಬಗ್ಗಿ ಗುಂಡಿ ಒತ್ತಿದಳು. ಕಾರು ಹೊರಟಿತು. “ಇಂಜಿನ್ ತಣ್ಣಗಾಗಿತ್ತು” ಎಂದರು ಭಾವ. ಅಂದಿನಿಂದ ಅಕ್ಕನ ಚಪ್ಪಲಿ ಆಗಾಗ ಸಡಿಲವಾಗತೊಡಗಿತು.

ಹೇಳಿಬಿಡಬಹುದಿತ್ತಲ್ಲ ಎಂದರೆ, ಹೇಳುವಂತಿರಲಿಲ್ಲ. ಈ ವಯಸ್ಸಿನಲ್ಲಿ ಕಾರು ಬೇಡವೆಂದು ಮಗಳು ಹಿಂದೆ ಬಿದ್ದಾಗ ಭಾವ ಅವಳಿಗೆ ಮಾತು ಕೊಟ್ಟಿದ್ದರು: “ನನ್ನ ಕೈ ತಪ್ಪಿದ್ದು ನನಗೆ ಗೊತ್ತಾದ ದಿನ ಕೀಲಿ ನಿನ್ನ ಕೈಗೆ. ನೀನು ಕೇಳಬೇಕಾಗೂ ಇಲ್ಲ.” ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಕೀಲಿ ಹೋದ ಮರುದಿನದಿಂದ ಈ ಮನುಷ್ಯ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬುದೂ ಗೊತ್ತಿತ್ತು.

ನಮ್ಮ ಚಿಕ್ಕಮ್ಮನಿಗೆ ಕಣ್ಣಿನ ಆಪರೇಷನ್ ಆಗಿ ಅಕ್ಕ ಶುಶ್ರೂಷೆಗೆಂದು ಹೋದಳು. ಅವಳು ಹೋದ ಬೆನ್ನಿಗೇ ಕಾರು ಮುಷ್ಕರ ಹೂಡಿತು. ಕೀಲಿ ತಿರುಗಿಸಿದರೆ ಇಂಜಿನ್ ಗರಗರನೆ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಗ್ಯಾರೇಜಿನವನು ಬಂದು ಬಾನೆಟ್ ಎತ್ತಿದ. ಅವನ ಕಣ್ಣೆದುರು ಭಾವ ಕಾರ್ಪೆಟ್ಟಿನ ಕಡೆ ಕೈ ಹಾಯಿಸುವುದುಂಟೇ? ಸೀಟಿನಲ್ಲಿ ಕಲ್ಲಿನಂತೆ ಕುಳಿತರು.

“ಬ್ಯಾಟರಿ ಚೆನ್ನಾಗಿದೆ ಸಾರ್. ಪ್ಲಗ್ಗಲ್ಲಿ ಕಿಡಿನೂ ಬರ್ತಿದೆ. ಪೆಟ್ರೋಲೇ ಮುಂದಕ್ಕೆ ಬರ್ತಿಲ್ಲ, ಪಂಪಿಗೆ ಕರೆಂಟಿಲ್ಲ. ಮಧ್ಯದಲ್ಲಿ ಎಲ್ಲಾದ್ರೂ ಸ್ವಿಚ್ ಗಿಚ್ ಹಾಕಿಸಿದ್ದೀರಾ?”

“ಹಾಕಿಸಿಲ್ಲ” ಎಂದರು ಭಾವ. ತಾವೇ ಹಾಕಿದ್ದರಿಂದ ಅದು ಸುಳ್ಳೂ ಆಗಿರಲಿಲ್ಲ.

“ಹಾಗಾದ್ರೆ ವೈರು ಎಲ್ಲೋ ಸುಟ್ಟಿದೆ. ಇದನ್ನ ಪೂರ್ತಿ ಬಿಚ್ಚೋದಕ್ಕಿಂತ ಗುಜರಿಗೆ ಹಾಕೋದು ವಾಸಿ ಸಾರ್.”

“ಅಂತ ನೀನು ಹೇಳ್ತೀಯ” ಎಂದರು, ಆದರೆ ಧ್ವನಿಯಲ್ಲಿ ಕಸುವಿರಲಿಲ್ಲ. ಮುಂದಿನ ದಿನಗಳಲ್ಲಿ ಅವರು ಪೆಟ್ರೋಲ್ ಬಂಕಿನವನನ್ನು, ಗ್ಯಾರೇಜಿನವನನ್ನು, ಇಲಿಗಳನ್ನು, ಕೊನೆಗೆ ಬಾನೆಟ್ಟಿನ ಮೇಲೆ ಮಲಗುವ ಪಕ್ಕದ ಮನೆಯ ಬೆಕ್ಕನ್ನು ಕೂಡ ಅನುಮಾನಿಸಿ ಮುಗಿಸಿದರು. ಮಗಳು ಗುಜರಿಯವನಿಗೆ ಹೇಳಿಯೇಬಿಟ್ಟಳು.

ಅವನು ಬಂದ ಬೆಳಿಗ್ಗೆಯೇ ಅಕ್ಕನೂ ವಾಪಸ್ಸಾದಳು. ಕಾರು ತಳ್ಳಲು ಕರೆಸಿದ್ದ ನಾನು ಹಿಂದಿನ ಸೀಟಿನಲ್ಲಿ ಕುಳಿತು ಹಳೆಯ ಛತ್ರಿ, ದಿಂಬುಗಳನ್ನು ಒಟ್ಟುಮಾಡುತ್ತಿದ್ದೆ. ಮಗಳೂ ಗ್ಯಾರೇಜಿನವನೂ ಗುಜರಿಯವನೂ ಗೇಟಿನ ಬಳಿ ನಿಂತಿದ್ದರು. ಕೋಟು ತೊಟ್ಟು ಸ್ಟೀರಿಂಗಿನ ಮುಂದೆ ಕುಳಿತಿದ್ದ ಭಾವ, “ಕೊನೇ ಸಲ ತಿರುಗಿಸಿ ನೋಡ್ತೀನಿ” ಎಂದರು. ಅಕ್ಕ ಚೀಲವನ್ನು ಜಗುಲಿಯ ಮೇಲಿಟ್ಟು, ಯಾರನ್ನೂ ಏನೂ ಕೇಳದೆ ಬಂದು ಅವರ ಪಕ್ಕದಲ್ಲಿ ಕುಳಿತು, ಚಪ್ಪಲಿಗೆಂದು ಬಗ್ಗಿದಳು.

ಅದೇ ಹೊತ್ತಿಗೆ ಭಾವ, ದೃಷ್ಟಿಯನ್ನು ರಸ್ತೆಯ ಮೇಲಿಂದ ಕದಲಿಸದೆ, ಎಡಗೈಯನ್ನು ಮೆಲ್ಲಗೆ ಕೆಳಗಿಳಿಸಿ ಕಾರ್ಪೆಟ್ಟಿನ ಅಡಿಗೆ ತೂರಿಸಿದರು. ಲೋಕವನ್ನೆಲ್ಲ ಅನುಮಾನಿಸಿ ಬಂದವರಿಗೆ ಇನ್ನು ಅನುಮಾನಿಸಲು ಉಳಿದಿದ್ದದ್ದು ಅದೊಂದೇ ಕೈ. ಅದು ಗುಂಡಿಯನ್ನು ಮುಟ್ಟಿದಾಗ ಅಲ್ಲಿ ಅಕ್ಕನ ಬೆರಳು ಆಗಲೇ ಇತ್ತು.

ಇಬ್ಬರೂ ಕೈ ಹಿಂತೆಗೆಯಲಿಲ್ಲ. ಭಾವನ ಮುಖ ನನಗೆ ಕಾಣುತ್ತಿರಲಿಲ್ಲ, ಕಿವಿ ಕೆಂಪಾದದ್ದು ಕಂಡಿತು.

“ಯಾವಾಗಿನಿಂದ?” ಎಂದರು.

“ಚಪ್ಪಲಿ ಸಡಿಲ ಆದಾಗಿನಿಂದ” ಎಂದಳು ಅಕ್ಕ. “ಈಗ ತಿರುಗಿಸಿ.”

ಕಾರು ಮೊದಲ ತಿರುವಿಗೇ ಹತ್ತಿಕೊಂಡಿತು. ಗ್ಯಾರೇಜಿನವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಭಾವ ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ಕೇಳಿ, ಆರಿಸಿ, ಇಳಿದು, ಎಂದಿನಂತೆ ಹಿಮ್ಮಡಿಯೂರಿ ನಡೆದು ಮಗಳ ಮುಂದೆ ನಿಂತರು. “ನನ್ನ ಕೈ ತಪ್ಪಿತ್ತಮ್ಮ. ಬಹಳ ದಿನದಿಂದ” ಎಂದು ಕೀಲಿ ಚಾಚಿದರು. ಅದನ್ನು ನೋಡಿ ನನಗೇ ಸಂಕಟವಾಯಿತು. ಇಷ್ಟು ದಿನ ಆ ಕೀಲಿಗಾಗಿ ಕಾದಿದ್ದ ಮಗಳು ಕೈ ಮುಂದೆ ಮಾಡಲಾರದೆ ತಾಯಿಯ ಮುಖ ನೋಡಿದಳು.

ಕೀಲಿಯನ್ನು ಅಕ್ಕ ನಡುವೆಯೇ ತೆಗೆದುಕೊಂಡು, ಹೊರಗಿನವರಿಗೆ ಕೇಳದಂತೆ ಮಗಳಿಗೆ ಗುಂಡಿಯ ಗುಟ್ಟನ್ನು ಎರಡು ಮಾತಿನಲ್ಲಿ ಹೇಳಿದಳು. “ಇದು ನನ್ನ ಹತ್ರ ಇರಲಿ. ಅಪ್ಪನ ಕೈ ತಪ್ಪಿದ್ದು ಗುಂಡಿ ಒತ್ತೋದರಲ್ಲಿ, ಓಡಿಸೋದರಲ್ಲಲ್ಲ. ಇನ್ಮೇಲೆ ಒತ್ತೋದು ನನ್ನ ಕೆಲಸ, ಓಡಿಸೋದು ಅವರದು. ಆಗುತ್ತೇನೇ?”

ಮಗಳು ಹೂಂ ಎಂದಳು. ಗುಜರಿಯವನು ಗೊಣಗುತ್ತಾ ಹೊರಟುಹೋದ.

ಆಮೇಲೆ ನಾನು ಎಷ್ಟೋ ಸಲ ಅವರ ಹಿಂದಿನ ಸೀಟಿನಲ್ಲಿ ಪ್ರಯಾಣ ಮಾಡಿದ್ದೇನೆ. ಅಕ್ಕ ಬಗ್ಗಿ ಏಳುತ್ತಾಳೆ. “ಆಯ್ತಾ?” ಎನ್ನುತ್ತಾರೆ ಭಾವ. “ಆಯ್ತು” ಎನ್ನುತ್ತಾಳೆ. ಕೀಲಿ ಈಸಿಕೊಂಡು ತಿರುಗಿಸುತ್ತಾರೆ. ಒಮ್ಮೆ ಕೀಟಲೆಗೆಂದು, “ಭಾವ, ಯಾವುದಕ್ಕೂ ಒಂದ್ಸಲ ಮುಟ್ಟಿ ನೋಡಬಾರದಾ?” ಎಂದೆ. ಕನ್ನಡಿಯಲ್ಲಿ ನನ್ನನ್ನು ದುರುಗುಟ್ಟಿ ನೋಡಿ, “ಅವಳು ಆಯ್ತು ಅಂದಳಲ್ಲ” ಎಂದರು.

ಸಂಶಯಸ್ವಭಾವದವರನ್ನು ಕಂಡು ನಾವು ನಗುತ್ತೇವೆ, ನಂಬಿಕೆಯೆಂಬುದೇ ಅವರ ಹಣೆಯಲ್ಲಿ ಬರೆದಿಲ್ಲವೆಂದುಕೊಳ್ಳುತ್ತೇವೆ. ನಾವು ಸಿಕ್ಕಸಿಕ್ಕವರಿಗೆಲ್ಲ ಚೂರುಚೂರಾಗಿ ಹಂಚಿ, ಅವರು ಕೈಕೊಟ್ಟಾಗ ಅಷ್ಟಿಷ್ಟು ಗೊಣಗಿ ಮರೆಯುವ ಆ ನಂಬಿಕೆಯನ್ನು ಇಂಥವರು ಖರ್ಚು ಮಾಡದೆ ಕಾಯ್ದಿರಿಸಿ, ಯಾವುದೋ ಒಂದು ದಿನ ಒಬ್ಬರಿಗೇ ಇಡಿಯಾಗಿ ಕೊಟ್ಟು ಬರಿಗೈಯಾಗುತ್ತಾರೆ. ಆ ಒಬ್ಬರು ಪಕ್ಕದ ಸೀಟಿನಲ್ಲಿ ಇಲ್ಲದ ದಿನ ಅವರು ಯಾರನ್ನು ಕೇಳಿ ಕೀಲಿ ತಿರುಗಿಸಿಯಾರು ಎಂದು ಯೋಚಿಸಲು ನನಗಂತೂ ಧೈರ್ಯವಿಲ್ಲ.